ಹಚ್ಚೋದು ಬೇರೆ, ಉಸಿರಾಡೋದು ಬೇರೆ

ಮಕ್ಕಳೇ, 1990ರ ದಶಕದ ಕ್ರಿಕೆಟ್ ಪಂದ್ಯಗಳ ವಿಡಿಯೋ ನೋಡಿದ್ದೀರಾ? ದಕ್ಷಿಣ ಆಫ್ರಿಕಾದ ವೇಗದ ಬೌಲರ್ ಅಲನ್ ಡೊನಾಲ್ಡ್ ಮುಖಕ್ಕೆ ಸುಣ್ಣ ಬಳಿದ ಹಾಗೆ ಬಿಳಿ ಹಚ್ಚಿಕೊಂಡು ಓಡಿ ಬರ್ತಿದ್ದರು. ಅದು ಸುಣ್ಣವಲ್ಲ, ಸತುವಿನ ಆಕ್ಸೈಡ್ ಇರುವ ಲೇಪ. ಬಿಸಿಲಿನ ನೇರಳಾತೀತ ಕಿರಣಗಳಿಂದ ಚರ್ಮವನ್ನು ಕಾಯುವ ಖನಿಜ ಅದು. ಈಗಿನ ಹಲವು ಸನ್‌ಸ್ಕ್ರೀನ್‌ಗಳಲ್ಲೂ ಅದೇ ಸತುವಿನ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುತ್ತದೆ. ಆದರೆ ಮುಖ ಅಷ್ಟು ಬಿಳಿ ಕಾಣೋದಿಲ್ಲ. ಯಾಕೆ?

ಕಣಗಳು ಸಣ್ಣದಾಗಿವೆ, ಅಷ್ಟೇ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ನ್ಯಾನೋಕಣಗಳ ಅಳತೆ 100 ನ್ಯಾನೋಮೀಟರಿನ ಒಳಗೆ. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು 400ರಿಂದ 700 ನ್ಯಾನೋಮೀಟರ್. ಇಷ್ಟು ಸಣ್ಣ ಕಣಗಳು ಆ ಬೆಳಕನ್ನು ಹೆಚ್ಚು ಚದುರಿಸುವುದಿಲ್ಲ. ನೇರಳಾತೀತ ಕಿರಣಗಳನ್ನು ಮಾತ್ರ ಹೀರಿಕೊಳ್ಳುತ್ತವೆ.

"ಅಷ್ಟು ಸಣ್ಣದಾದರೆ ಚರ್ಮದೊಳಗೆ ಇಳಿದು ರಕ್ತಕ್ಕೆ ಸೇರಲ್ವಾ ಟೀಚರ್?" ಅಂತ ನೀವು ಕೇಳಬಹುದು. ಕೇಳಲೇಬೇಕು. ನಮ್ಮ ಚರ್ಮದ ಮೇಲ್ಪದರ ಸತ್ತ ಜೀವಕೋಶಗಳದ್ದು. ಗಾಯವಿಲ್ಲದ ಚರ್ಮದಲ್ಲಿ ಕಣಗಳು ಬಹುಪಾಲು ಅಲ್ಲೇ ಉಳಿಯುತ್ತವೆ ಎಂದು ಪ್ರಯೋಗಗಳು ತೋರಿಸಿವೆ. 2010ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ, ಗುರುತಿಗಾಗಿ ಸತು-68 ಐಸೋಟೋಪ್ ಬೆರೆಸಿದ ಲೇಪವನ್ನು ಸ್ವಯಂಸೇವಕರು ಕಡಲತೀರದಲ್ಲಿ ಐದು ದಿನ ಹಚ್ಚಿಕೊಂಡರು. ರಕ್ತ, ಮೂತ್ರದಲ್ಲಿ ಆ ಸತು ಸಿಕ್ಕಿತು, ಆದರೆ ಅತ್ಯಲ್ಪ. ಅದು ಇಡೀ ಕಣವೋ ಕರಗಿದ ಸತುವೋ ಎಂದು ಆ ಪರೀಕ್ಷೆ ಹೇಳಲಾರದು. ಹೇಗಿದ್ದರೂ ಸತು ನಮ್ಮ ದೇಹಕ್ಕೆ ಬೇಕಾದ ಧಾತುವೇ, ಬೇಳೆಕಾಳಿನಲ್ಲೂ ಇದೆ.

ಶ್ವಾಸಕೋಶದ ಕಥೆ ಬೇರೆ. ಅಲ್ಲಿ ಸತ್ತ ಕೋಶಗಳ ರಕ್ಷಾಕವಚ ಇಲ್ಲ. ಚರ್ಮಕ್ಕೆ ಹಚ್ಚುವ ಲೇಪದಲ್ಲಿ ಶೇ. 25ರವರೆಗೆ ಈ ಕಣಗಳಿರಬಹುದು ಎಂದ ಐರೋಪ್ಯ ಒಕ್ಕೂಟದ ವಿಜ್ಞಾನ ಸಮಿತಿಯೇ, ಉಸಿರಿನೊಂದಿಗೆ ಒಳಹೋಗುವ ಸ್ಪ್ರೇಗಳಲ್ಲಿ ಬೇಡ ಎಂದಿತು. ಒಂದು ಚಿಟಿಕೆ ಖಾರದ ಪುಡಿ ಅಂಗೈಯಲ್ಲಿದ್ದರೆ ಏನೂ ಇಲ್ಲ, ಮೂಗಿಗೆ ಹೋದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು!

ಆದ್ದರಿಂದ "ನ್ಯಾನೋ ಒಳ್ಳೆಯದಾ, ಕೆಟ್ಟದ್ದಾ?" ಅನ್ನೋದು ಅರ್ಧ ಪ್ರಶ್ನೆ. ಯಾವ ವಸ್ತು, ಎಷ್ಟು, ಯಾವ ದಾರಿಯಲ್ಲಿ ದೇಹ ಸೇರುತ್ತದೆ ಎಂದು ಕೇಳಿದರೆ ಪ್ರಶ್ನೆ ಪೂರ್ತಿಯಾಗುತ್ತದೆ.

ಕೇಳದಿದ್ದರೆ ಏನಾಗುತ್ತದೆ? 2023ರಲ್ಲಿ ನಮ್ಮ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಬಿಳಿಯಾಗಲೆಂದು ಕ್ರೀಮ್ ಹಚ್ಚಿದ ಕೆಲವರಿಗೆ ಮೂತ್ರಪಿಂಡದ ಕಾಯಿಲೆ ಬಂದದ್ದನ್ನು ವೈದ್ಯರು ಗುರುತಿಸಿದರು. ಅಲ್ಲಿ ಸಂಶಯ ಬಿದ್ದದ್ದು ನ್ಯಾನೋಕಣದ ಮೇಲಲ್ಲ, ಪಾದರಸದ ಮೇಲೆ. ನ್ಯಾನೋ ಎಂಬ ಹೊಸ ಹೆಸರಿಗೆ ಹೆದರುವ ನಾವು, ಒಳಗೇನಿದೆ ಅಂತ ಬರೆಯದ ಡಬ್ಬಿಯನ್ನು ಧೈರ್ಯವಾಗಿ ಮುಖಕ್ಕೆ ಹಚ್ಚುತ್ತೇವೆ. ಇದು ಸರಿಯಾ?

ಯುರೋಪಿನಲ್ಲಿ 2013ರಿಂದ ಸೌಂದರ್ಯವರ್ಧಕಗಳ ಪಟ್ಟಿಯಲ್ಲಿ ಅಂಥ ಘಟಕದ ಹೆಸರಿನ ಮುಂದೆ 'ನ್ಯಾನೋ' ಎಂದು ಬರೆಯುವುದು ಕಡ್ಡಾಯ. ನಮ್ಮ ಅಂಗಡಿಯ ಡಬ್ಬಿಗಳ ಮೇಲೂ ಆ ಮಾತು ಬೇಕು, ನಾವು ಓದುವ ಭಾಷೆಯಲ್ಲೇ ಬೇಕು ಅನ್ನೋದು ನನ್ನ ಅಭಿಪ್ರಾಯ.

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಮನೆಯಲ್ಲಿರುವ ಕ್ರೀಮ್, ಪೌಡರ್, ಸ್ಪ್ರೇಗಳ ಮೇಲಿನ ಸಣ್ಣ ಅಕ್ಷರ ಓದಿ, ಘಟಕಗಳ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದು ತರಗತಿಗೆ ತನ್ನಿ. ಏನೂ ಬರೆಯದ ಡಬ್ಬಿ ಸಿಕ್ಕಿದರೆ ಅಮ್ಮನಿಗೋ ಅಕ್ಕನಿಗೋ ಹೇಳಿ. ಮಧ್ಯಾಹ್ನದ ಬಿಸಿಲಿಗೆ ಹೋಗೋದಾದರೆ ಅಜ್ಜನ ಮುಟ್ಟಾಳೆಯೂ ಇದೆ, ಕೊಡೆಯೂ ಇದೆ!