ಸಿ ಮತ್ತು ಅಸೆಂಬ್ಲಿ ಕೂಡುವ ಗಡಿ

ಗಡಿಯೂರಾದ ಕಾಗವಾಡದ ಅಂಗಡಿಯಲ್ಲಿ ಕನ್ನಡವೂ ಮರಾಠಿಯೂ ನಡೆಯುವುವು. ತೂಕದ ಕಟ್ಟಳೆ ಮಾತ್ರ ಒಂದೇ. ಗಣಕದಲ್ಲಿ ಸಿ ಭಾಷೆಯೂ, ಪ್ರೊಸೆಸರಿನ ಆಜ್ಞೆಗಳನ್ನೇ ಒಂದೊಂದಾಗಿ ಬರೆಯುವ ಅಸೆಂಬ್ಲಿಯೂ ಕೂಡುವಲ್ಲಿ ಅಂತಹ ಕಟ್ಟಳೆ ಬೇಕು.

1973ರಲ್ಲಿ ಥಾಮ್ಸನ್, ರಿಚಿ ಇವರು ಯೂನಿಕ್ಸನ್ನು ಸಿ ಭಾಷೆಯಲ್ಲಿ ಪುನಃ ಬರೆದಾಗಲೂ ಯಂತ್ರವನ್ನು ನೇರವಾಗಿ ಮುಟ್ಟುವ ಅಲ್ಪ ಭಾಗವು ಅಸೆಂಬ್ಲಿಯಲ್ಲಿಯೇ ಉಳಿಯಿತು. ಇಂದಿನ ಲೈನಕ್ಸ್‌ನಲ್ಲಿಯೂ ಹಾಗೆಯೇ.

32 ಬಿಟ್ಟಿನ ಆರ್ಮ್ ಪ್ರೊಸೆಸರಿನಲ್ಲಿ ಸಿ ಪ್ರೋಗ್ರಾಮು ಮೊದಲ ನಾಲ್ಕು ಪೂರ್ಣಾಂಕಗಳನ್ನು ಆರ್0ಯಿಂದ ಆರ್3ರವರೆಗಿನ ರಿಜಿಸ್ಟರುಗಳೆಂಬ ಪುಟ್ಟ ಖಾನೆಗಳಲ್ಲಿಟ್ಟು ಅಸೆಂಬ್ಲಿ ತುಂಡನ್ನು ಕರೆಯುವುದು. ಉತ್ತರವನ್ನು ಆರ್0ಯಲ್ಲಿ ಪಡೆಯುವುದು. ಆ ತುಂಡು ಆರ್4ರಿಂದ ಆರ್8ರವರೆಗಿನ ಖಾನೆಗಳನ್ನು ಬಳಸಿದರೆ, ಹಿಂದಿರುಗುವ ಮುನ್ನ ಅವುಗಳ ಹಳೆಯ ಬೆಲೆಗಳನ್ನು ಮರಳಿ ತುಂಬಲೇಬೇಕು. ಮರೆತರೆ ಕಂಪೈಲರು ಎಚ್ಚರಿಸದು. ತಪ್ಪು ಅಲ್ಲಿಯೇ ಕಾಣದೆ, ದೂರದ ಯಾವುದೋ ಸಾಲಿನಲ್ಲಿ ಲೆಕ್ಕವು ಕೆಡುವುದು. ಯಂತ್ರವೊಂದನ್ನು ನಡೆಸುವ ಪ್ರೋಗ್ರಾಮಿನಲ್ಲಿ ಇದು ಆಟದ ಮಾತಲ್ಲ.

ವೇಗಕ್ಕಾಗಿಯೇ ಅಸೆಂಬ್ಲಿ ಕಲಿಯಬೇಕೆಂಬ ಹಳೆಯ ವಾದವು ನನಗೆ ಒಪ್ಪಿಗೆಯಿಲ್ಲ. ಇಂದಿನ ಕಂಪೈಲರು ಬಹುಮಟ್ಟಿಗೆ ನಮಗಿಂತ ಚೆನ್ನಾಗಿ ಬರೆಯಬಲ್ಲುದು. ಆದರೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳನ್ನು ಸೇರುವ ನಮ್ಮ ಸೀಮೆಯ ತರುಣರು ಎರಡನ್ನೂ ಬೇರೆಬೇರೆ ಬಾಯಿಪಾಠ ಮಾಡಿದರೆ ಫಲವೇನು? ಎರಡು ಸಂಖ್ಯೆಗಳನ್ನು ಕೂಡಿಸುವ ಅಸೆಂಬ್ಲಿ ತುಂಡೊಂದನ್ನು ಬರೆದು ಸಿ ಭಾಷೆಯಿಂದ ಕರೆಯಲಿ. ಅದೇ ಕೆಲಸಕ್ಕೆ ಕಂಪೈಲರು ಹೊರಡಿಸುವ ಅಸೆಂಬ್ಲಿಯನ್ನು ಪಕ್ಕದಲ್ಲಿಟ್ಟು ಸಾಲುಸಾಲಾಗಿ ಹೋಲಿಸಿ ನೋಡಲಿ.