ಗುಂಡು ಎಸೆದರೆ ಕಾಡು ಕಾದಂತಾಯಿತೇ?

ಅರಣ್ಯ ಇಲಾಖೆಯ ವೀಕ್ಷಕ, ಗಸ್ತು ಅರಣ್ಯ ಪಾಲಕ ಹುದ್ದೆಗಳ ದೈಹಿಕ ಪರೀಕ್ಷೆ ಎಂದರೆ ಓಟ, ಉದ್ದಜಿಗಿತ, ಎತ್ತರ ಜಿಗಿತ, ಗುಂಡು ಎಸೆತ. ಬೆಟ್ಟದಪುರದಿಂದ ಎಚ್.ಡಿ. ಕೋಟೆಯವರೆಗಿನ ಹುಡುಗ ಹುಡುಗಿಯರು ಈ ಕೆಲಸಕ್ಕೆ ಅರ್ಜಿ ಹಾಕಿದರೆ ಮೊದಲು ಇಳಿಯಬೇಕಾದದ್ದು ಮೈದಾನಕ್ಕೆ. ಆದರೆ ನಾಗರಹೊಳೆಯ ಗಸ್ತಿನಲ್ಲಿ ಗುಂಡು ಎಸೆಯುವ ಪ್ರಸಂಗ ಯಾವುದಿರಬಹುದೋ, ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ. 643 ಚದರ ಕಿ.ಮೀ.ಗಳ ಆ ರಾಷ್ಟ್ರೀಯ ಉದ್ಯಾನದಲ್ಲಿ ಕಾಡು ಕಾಯುವುದೆಂದರೆ ನಡೆಯುವುದು. ನೀರು, ಬುತ್ತಿ, ಕೋವಿ ಹೊತ್ತು ಲಂಟಾನದ ನಡುವೆ ಹೊತ್ತು ಮುಳುಗುವವರೆಗೂ ನಡೆಯಬೇಕು, ಉರುಳು ಹುಡುಕಬೇಕು, ಬೇಸಿಗೆಯಲ್ಲಿ ಹಸಿ ಸೊಪ್ಪಿನಿಂದ ಬೆಂಕಿ ಬಡಿಯಬೇಕು. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟು ಸತ್ತರು. 2025ರ ನವೆಂಬರಿನಲ್ಲಿ ಸರಗೂರು ಸುತ್ತ ಹುಲಿ ದಾಳಿಗಳಾದಾಗ ಸಫಾರಿಯನ್ನೇ ನಿಲ್ಲಿಸಿ ಸಿಬ್ಬಂದಿಯನ್ನು ಹುಲಿ ಹುಡುಕಲು ಕಳಿಸಬೇಕಾಯಿತು. ಇಂಥಲ್ಲಿ ಬೇಕಾದದ್ದು ದಣಿದ ಮೇಲೂ ಕೆಡದ ಕಾಲು, ಕೆಡದ ಬುದ್ಧಿ.

ಗಡಿಯಾರ, ಅಳತೆ ಪಟ್ಟಿ ಸುಳ್ಳು ಹೇಳುವುದಿಲ್ಲ, ಆದ್ದರಿಂದ ಮೈದಾನದ ಪರೀಕ್ಷೆಯಲ್ಲಿ ವಶೀಲಿ ನಡೆಯದು ಎಂಬ ವಾದವಿದೆ. ನಮ್ಮ ನೇಮಕಾತಿಗಳ ಚರಿತ್ರೆ ಬಲ್ಲವರು ಇದನ್ನು ತಳ್ಳಿಹಾಕಲಾರರು. ಆದರೆ ಹೊರೆಯ ತೂಕ, ನಡೆದ ದೂರ, ಹಿಡಿದ ಹೊತ್ತು, ಇವನ್ನೂ ಅಷ್ಟೇ ಕರಾರುವಾಕ್ಕಾಗಿ ಅಳೆಯಬಹುದಲ್ಲ! ಭಾರತೀಯ ಅರಣ್ಯ ಸೇವೆಗೆ (ಐಎಫ್‌ಎಸ್) ಆಯ್ಕೆಯಾದವರು ನಾಲ್ಕು ಗಂಟೆಯೊಳಗೆ ಪುರುಷರಾದರೆ 25, ಮಹಿಳೆಯರಾದರೆ 14 ಕಿ.ಮೀ. ನಡೆದು ತೋರಿಸಲೇಬೇಕು. ಮುಂದೆ ಜೀಪು ಸಿಗುವವರಿಗೆ ಈ ನಿಯಮ!

ದೂರದ ನಡಿಗೆ ಅಪಾಯಕಾರಿ ಎಂಬ ಆಕ್ಷೇಪ ಇನ್ನೂ ಗಂಭೀರವಾದದ್ದು. 2024ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಬಾಲಾಘಾಟ್‌ನಲ್ಲಿ ಅರಣ್ಯ ರಕ್ಷಕ ಹುದ್ದೆಯ 25 ಕಿ.ಮೀ. ನಡಿಗೆಯಲ್ಲಿ ಯುವಕನೊಬ್ಬ ಪ್ರಾಣ ಬಿಟ್ಟ. ಅದೇ ವರ್ಷ ಜಾರ್ಖಂಡ್‌ನ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಯ ಓಟದಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಹಾಗೆಂದು ಪರೀಕ್ಷೆಯನ್ನೇ ಬಿಡಬೇಕಿಲ್ಲ. ಬಿಸಿಲುಗಾಲ ತಪ್ಪಿಸಿ, ಮೊದಲೇ ವೈದ್ಯರಿಂದ ತಪಾಸಣೆ ಮಾಡಿಸಿ, ದಾರಿಯುದ್ದಕ್ಕೂ ನೀರಿಟ್ಟು ನಡೆಸಬೇಕು, ಅಷ್ಟೆ.

ಕಳ್ಳಬೇಟೆ ತಡೆ ಶಿಬಿರಗಳಲ್ಲಿ ದಿನಗೂಲಿಗೆ, ಹೊರಗುತ್ತಿಗೆಗೆ ದುಡಿಯುವವರಲ್ಲಿ ಜೇನುಕುರುಬರು, ಬೆಟ್ಟಕುರುಬರು ಬಹಳಷ್ಟು ಮಂದಿ. ಹೊರೆ ಹೊತ್ತು ನಡೆಯುವ ಪರೀಕ್ಷೆ ಬಂದರೆ ಅವರನ್ನು ಹಿಂದಿಕ್ಕುವವರು ಸುಲಭಕ್ಕೆ ಸಿಗಲಾರರು. ಮುಂದಿನ ಅಧಿಸೂಚನೆಗೆ ಮೊದಲು ಇಲಾಖೆ ಗುಂಡನ್ನು ಕೆಳಗಿಟ್ಟು ಇದನ್ನು ಯೋಚಿಸಲಿ. ಜಾಗ ಬೇಕೆಂದರೆ ಬೆಟ್ಟದಪುರದಲ್ಲಿ ಸಿಡಿಲು ಮಲ್ಲಿಕಾರ್ಜುನನ ಬೆಟ್ಟವಿದೆ, ಮೆಟ್ಟಿಲುಗಳೂ ಸಾಕಷ್ಟಿವೆ.