ವಿ.ಸಿ. ನಾಲೆ, ವಿ.ಸಿ. ಮೀಟಿಂಗು

ಲೆಕ್ಕದ ಮಾತು | ಭಾಗ 7

ಮಂಡ್ಯದಲ್ಲಿ ವಿ.ಸಿ. ಅಂದ್ರೆ ಎರಡು ಅರ್ಥ. ರೈತರಿಗೆ ವಿಶ್ವೇಶ್ವರಯ್ಯ ನಾಲೆ. ತಾಲ್ಲೂಕು ಆಫೀಸಿಗೆ ಹೋದೋರಿಗೆ ವಿಡಿಯೊ ಕಾನ್ಫರೆನ್ಸು: "ಸಾಹೇಬ್ರು ವಿ.ಸಿ.ಯಲ್ಲಿದ್ದಾರೆ, ಆಮೇಲೆ ಬನ್ನಿ."

ಎರಡರ ಕಾಯಿಲೆಯೂ ಒಂದೇ ಅನ್ನೋದು ನನ್ನ ವಾದ. ಎರಡನ್ನೂ ನಾವು ಸರಾಸರಿಯಲ್ಲಿ ಅಳೀತೀವಿ. ಕೊನೆಯಲ್ಲಿರೋರು ಆ ಸರಾಸರಿಯಲ್ಲಿ ಕಾಣೋದೇ ಇಲ್ಲ.

🔸 ಮೊದಲು ಒಂದು ಸಣ್ಣ ಲೆಕ್ಕ

ನಿಮ್ಮ ನೆಟ್ 60 ಸೆಕೆಂಡಿನಲ್ಲಿ 54 ಸೆಕೆಂಡು 10 ಎಂಬಿಪಿಎಸ್ ಕೊಡ್ತು, 6 ಸೆಕೆಂಡು ಸೊನ್ನೆ ಅಂದ್ಕೊಳ್ಳಿ. ಸರಾಸರಿ 9. ಕಾಗದದ ಮೇಲೆ ಸೂಪರ್ ನೆಟ್! ಆದರೆ ಇಂಟರ್‌ವ್ಯೂನಲ್ಲಿ ಆ 6 ಸೆಕೆಂಡಿಗೇ ಪ್ರಶ್ನೆ ಬಂದಿದ್ರೆ?

ಯೂಟ್ಯೂಬ್ ಆದ್ರೆ ಪರವಾಗಿಲ್ಲ. ಅದು ಮನೆ ಸಂಪು ಇದ್ದಂಗೆ, ಮುಂಚೆನೇ ತುಂಬಿಸಿಟ್ಟುಕೊಳ್ಳುತ್ತೆ. ವಿಡಿಯೊ ಕಾಲ್‌ಗೆ ಆ ಅನುಕೂಲ ಇಲ್ಲ. ಇನ್ನೂ ಆಡದ ಮಾತನ್ನು ತುಂಬಿಸಿಡೋದು ಹೇಗೆ? ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಚೆನ್ನ ಅನ್ನೋದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾತು.

🔸 ವಿಡಿಯೊ ಯಾಕೆ ಹೀಗೆ ಏರಿಳಿಯುತ್ತೆ?

ಕಾಲ್‌ನಲ್ಲಿ ಪೂರ್ತಿ ಚಿತ್ರ ಪ್ರತಿ ಸಲ ಹೋಗಲ್ಲ. ಹಿಂದಿನ ಚಿತ್ರಕ್ಕಿಂತ ಏನು ಬದಲಾಯ್ತೋ ಹೆಚ್ಚಾಗಿ ಅಷ್ಟೇ ಹೋಗುತ್ತೆ. ಮೇಷ್ಟ್ರು ಸುಮ್ಮನೆ ಕೂತಿದ್ರೆ ಕಡಿಮೆ ಡೇಟಾ. ಎದ್ದು ಬೋರ್ಡ್ ಕಡೆ ಹೋದ್ರೆ ಒಂದೇ ಸಲ ಜಾಸ್ತಿ.

1992ರಲ್ಲಿ ಹೇಮನ್, ತಬತಬಾಯಿ, ಲಕ್ಷ್ಮಣ್ ಎಂಬ ಮೂವರು ವಿಡಿಯೊ ಕಾನ್ಫರೆನ್ಸಿನ ಡೇಟಾವನ್ನು ಚಿತ್ರಕ್ಕೆ ಚಿತ್ರ ಎಣಿಸಿ ಒಂದು ಮಾದರಿ ಕಟ್ಟಿದ್ರು. ಅದಕ್ಕೆ ಬೇಕಾಗಿದ್ದು ಸರಾಸರಿ ಒಂದೇ ಅಲ್ಲ. ಸರಾಸರಿ ಎಷ್ಟು, ಅದರಿಂದ ಎಷ್ಟು ಏರಿಳಿತ, ಈಗಿನ ಚಿತ್ರಕ್ಕೂ ಹಿಂದಿನದಕ್ಕೂ ಎಷ್ಟು ನಂಟು — ಮೂರೂ ಬೇಕು. ಬಿಕಾಂನವರೇ, ಮೀನ್, ವೇರಿಯನ್ಸ್, ಕೋರಿಲೇಷನ್! ಪರೀಕ್ಷೆಗೆ ಉರು ಹೊಡೆಯೋ ಅದೇ ಮೂರು.

🔸 ಈಗ ಅಣೆಕಟ್ಟಿಗೆ ಬನ್ನಿ

1909ರಲ್ಲಿ ಡೆನ್ಮಾರ್ಕಿನ ಎರ್ಲಾಂಗ್ ಟೆಲಿಫೋನ್ ಕರೆಗಳ ಲೆಕ್ಕ ಹಾಕಿದ. ಒಬ್ಬರ ಕರೆಗೂ ಇನ್ನೊಬ್ಬರ ಕರೆಗೂ ಸಂಬಂಧ ಇಲ್ಲ, ಹಾಗಾಗಿ ಸಾವಿರಾರು ಕರೆ ಸೇರಿದಾಗ ಏರಿಳಿತ ಸಮ ಆಗುತ್ತೆ. ಫೋನಿಗೆ ಆ ಲೆಕ್ಕ ಸರಿಹೋಯ್ತು.

ಆದರೆ ಅಮೆರಿಕದ ಬೆಲ್‌ಕೋರ್ ಸಂಸ್ಥೆಯಲ್ಲಿ ಅಳೆದ ಕಂಪ್ಯೂಟರ್ ನೆಟ್‌ವರ್ಕಿನ ಡೇಟಾ ಬೇರೆಯದೇ ಹೇಳ್ತು. 1993ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಸೆಕೆಂಡಿನಲ್ಲಿ ನೋಡಿದರೂ ಏರಿಳಿತ, ನಿಮಿಷದಲ್ಲಿ ನೋಡಿದರೂ ಏರಿಳಿತ. ಸೇರಿಸಿದಷ್ಟೂ ಸಮ ಆಗುತ್ತೆ ಅನ್ನೋ ನಂಬಿಕೆ ಅಲ್ಲಾಡಿತು. 1995ರ ಹೊತ್ತಿಗೆ ವಿಡಿಯೊ ಡೇಟಾದಲ್ಲೂ ಇದೇ ಗುಣ ಕಾಣಿಸಿತು.

ಈ ಗುಣ ಅಳೆಯೋ ಸಂಖ್ಯೆಗೆ ಹರ್ಸ್ಟ್ ಅಂತ ಹೆಸರು. ಹರ್ಸ್ಟ್ ಕಂಪ್ಯೂಟರಿನವನಲ್ಲ ಕಣ್ರೀ, ನೀರಿನವನು. ನೈಲ್ ನದಿಗೆ ಎಷ್ಟು ದೊಡ್ಡ ಜಲಾಶಯ ಬೇಕು ಅಂತ ಈಜಿಪ್ಟಿನಲ್ಲಿ ಲೆಕ್ಕ ಹಾಕ್ತಿದ್ದವನು. 1951ರ ಅವನ ಪ್ರಬಂಧದ ಸಾರ: ಒಳ್ಳೆ ವರ್ಷಗಳು ಗುಂಪಾಗಿ ಬರ್ತವೆ, ಕೆಟ್ಟ ವರ್ಷಗಳೂ ಗುಂಪಾಗಿ ಬರ್ತವೆ.

ಇದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. 2023ರಲ್ಲಿ ಕೆಆರ್‌ಎಸ್ ತುಂಬಲಿಲ್ಲ, 2024ರ ಜುಲೈನಲ್ಲಿ 124.80 ಅಡಿ ಮುಟ್ಟಿತು. ಎರಡೂ ವರ್ಷದ ಸರಾಸರಿ ತೆಗೆದು ಒಣಗಿದ ಗದ್ದೆಗೆ ಹಾಯಿಸೋಕಾಗುತ್ತಾ? ನೀರು ಕಡಿಮೆಯಾಗಿ ಕಟ್ಟು ಪದ್ಧತಿಯಲ್ಲಿ ನಾಲೆಗೆ ಬಿಟ್ಟಾಗ ಮದ್ದೂರು, ಮಳವಳ್ಳಿಯ ಕೊನೆ ಭಾಗದ ರೈತರು ಯಾಕೆ ರಸ್ತೆಗಿಳೀತಾರೆ? ಅಣೆಕಟ್ಟೆಯಿಂದ ಇಷ್ಟು ಕ್ಯೂಸೆಕ್ ಬಿಟ್ಟಿದ್ದೀವಿ ಅನ್ನೋ ಲೆಕ್ಕ ಸರಿಯಾಗೇ ಇರುತ್ತೆ. ತೂಬಿನ ಹತ್ತಿರ ನೀರು ಇರಲ್ಲ.

🔸 ಹಾಗಾಗಿ ನಾನು ಹೇಳೋದು

2023ರ ಜನವರಿಯಿಂದ ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಅಂತ ಕರೆಯೋಕೆ ಕನಿಷ್ಠ 2 ಎಂಬಿಪಿಎಸ್ ಡೌನ್‌ಲೋಡ್ ಇರಬೇಕು. ಮುಂಚೆ 512 ಕೆಬಿಪಿಎಸ್ ಇತ್ತು. ಒಳ್ಳೆಯದೇ. ಆದರೆ ಆ ವ್ಯಾಖ್ಯಾನದಲ್ಲಿ ಅಪ್‌ಲೋಡ್ ಮಾತೇ ಇಲ್ಲ. ವಿಡಿಯೊ ಕಾಲ್‌ನಲ್ಲಿ ನಾವು ನೋಡೋದಷ್ಟೇ ಅಲ್ಲ, ನಮ್ಮ ಮುಖ, ನಮ್ಮ ದನಿಯೂ ಆ ಕಡೆ ಹೋಗಬೇಕಲ್ಲ?

ನನಗೆ ಬೇಕಿರೋ ಅಳತೆ ಮೂರು. ಅಪ್‌ಲೋಡ್ ವೇಗ ಎಷ್ಟು. ಎಲ್ಲರೂ ನೆಟ್ ಬಳಸೋ ಸಂಜೆ ಹೊತ್ತಲ್ಲಿ ಎಷ್ಟು. ನೂರು ಸೆಕೆಂಡಿನಲ್ಲಿ ಅತಿ ಕೆಟ್ಟ ಐದು ಸೆಕೆಂಡಿನಲ್ಲಿ ಎಷ್ಟು. ಇದನ್ನು ರಾಜ್ಯದ ಒಟ್ಟು ಲೆಕ್ಕದಲ್ಲಿ ಮುಚ್ಚಿಡದೆ ತಾಲ್ಲೂಕುವಾರು ಹಾಕಲಿ.

"ಅತಿ ಕೆಟ್ಟ ಗಳಿಗೆಗೂ ಸಾಲುವಷ್ಟು ಕಟ್ಟಿದ್ರೆ ಖರ್ಚು ಯಾರು ಕೊಡ್ತಾರೆ?" ಅಂತೀರಾ. ನ್ಯಾಯವಾದ ಪ್ರಶ್ನೆ. ನೂರಕ್ಕೆ ನೂರು ಯಾರೂ ಕೇಳ್ತಿಲ್ಲ. ಎಷ್ಟು ಸಲ ಕೈಕೊಡುತ್ತೆ ಅನ್ನೋದನ್ನು ಮೊದಲೇ ಬರೆದು ತೋರಿಸಿ ಅಂತಷ್ಟೇ ಕೇಳ್ತಿರೋದು. ದುಡ್ಡು ಕೊಡೋ ಗಿರಾಕಿಗೆ ಅಷ್ಟು ಹಕ್ಕಿಲ್ವಾ?

ಯಾಕಂದ್ರೆ ನಷ್ಟ ಬೀಳೋದು ಗಿರಾಕಿ ಮೇಲೆ. ಮಳವಳ್ಳಿಯ ಹಳ್ಳಿಯಿಂದ ಬೆಂಗಳೂರಿನ ಕೆಲಸಕ್ಕೆ ಇಂಟರ್‌ವ್ಯೂ ಕೊಡೋ ಹುಡುಗಿಯ ದನಿ ಕಟ್ಟಾದಾಗ, ಆ ಕಡೆ ಕೂತವರು ನೆಟ್ ಸರಿಯಿಲ್ಲ ಅಂದ್ಕೊಳ್ಳಲ್ಲ. ಹುಡುಗಿ ತಡವರಿಸ್ತಾಳೆ ಅಂದ್ಕೊಳ್ತಾರೆ. ಇ-ಸಂಜೀವಿನಿಯಲ್ಲಿ ಡಾಕ್ಟರ್ ಹೇಳಿದ ಮಾತ್ರೆ ಲೆಕ್ಕ ಅರ್ಧ ಕೇಳಿಸಿದ ಅಜ್ಜಿಗೆ ಸರಾಸರಿ ವೇಗ ಕಟ್ಟಿಕೊಂಡು ಏನಾಗಬೇಕು?

ನಾಲೆಯ ನೀರನ್ನು ಕೊನೆ ತೂಬಿನಲ್ಲಿ ಅಳೀಬೇಕು. ನೆಟ್ಟನ್ನೂ ಅಷ್ಟೇ.

👇 ನಿಮ್ಮ ತಾಲ್ಲೂಕು, ಸಮಯ, ಕಾಲ್ ಎಷ್ಟು ಸಲ ನಿಂತುಹೋಯ್ತು — ಇಷ್ಟು ಬರೀರಿ. ಹೆಸರು, ನಂಬರ್ ಬೇಡ.

#ಮಂಡ್ಯ #ಮದ್ದೂರು #ಮಳವಳ್ಳಿ #ಲೆಕ್ಕದಮಾತು